ಇಪ್ಪತ್ತೊಂಬತ್ತು ಡಿಗ್ರಿ

ಕಾರು ಈಗ ಹೊರಗಿದೆ, ಹಿಮದಲ್ಲಿ.
ಬೆಳಿಗ್ಗೆ ಅದರ ಗಾಜು ಕೆರೆಯುವವಳು ನಾನು.

ಒಳಗೆ, ಅದು ನಿಲ್ಲುತ್ತಿದ್ದ ಜಾಗದಲ್ಲಿ,
ಎಣ್ಣೆಯ ಕಲೆ ಇನ್ನೂ ಬಿಡದ ನೆಲದ ಮೇಲೆ
ಲುಬೋರ್ ಕಬ್ಬಿಣದ ಸ್ಟ್ಯಾಂಡು ನಿಲ್ಲಿಸಿದ, ಮೂರಂತಸ್ತು.
ಮಟ್ಟಗೋಲಿನ ಗುಳ್ಳೆ ನಡುಗೆರೆಗೆ ಬರುವ ತನಕ
ಉಸಿರು ಬಿಡಲಿಲ್ಲ.
"ಲೀಟರು ನೀರು ಅಂದರೆ ಒಂದು ಕಿಲೋ, ಕ್ವೆತಾ" ಎಂದ,
ನಾನೇನೋ ಅಲ್ಲ ಅಂದಿದ್ದೆ ಅನ್ನುವ ಹಾಗೆ.
ಹನ್ನೆರಡು ತೊಟ್ಟಿ. ಒಂದೊಂದರಡಿಗೂ ಮೆತ್ತನೆ ಸ್ಪಂಜಿನ ಹಾಸು.
ನಮ್ಮ ಹಾಸಿಗೆ ಬದಲಿಸಿ ಹದಿನಾಲ್ಕು ವರ್ಷ.

ಗೋಡೆಗೆ, ಸೂರಿಗೆ, ಬಾಗಿಲಿನ ಒಳಮೈಗೆ ಥರ್ಮೋಕೋಲು.
ಮಾಂಜಾ ಬಳಿದಂತೆ ಬೆರಳಿಗೆಲ್ಲ ಅಂಟು.
ಒಸ್ತ್ರಾವಾದಲ್ಲಿ ಸೊನ್ನೆಗಿಂತ ಹದಿನೊಂದು ಕೆಳಗೆ;
ಗ್ಯಾರೇಜಿನ ನೀರಿನಲ್ಲಿ ಇಪ್ಪತ್ತೊಂಬತ್ತು.
ಕರೆಂಟಿನ ಬಿಲ್ಲನ್ನು ಅವನು ನನಗಿಂತ ಮೊದಲು
ಅಂಚೆಪೆಟ್ಟಿಗೆಯಿಂದ ತೆಗೆಯುತ್ತಾನೆ.

ಗಾಳಿಯ ಕೊಳವೆ ಎಳೆದ ದಿನ ಮಾತ್ರ
ನಾನು ಕುರ್ಚಿ ತಂದು ಹಾಕಿಕೊಂಡು ನೋಡಿದೆ.
ಇಪ್ಪತ್ತಾರು ವರ್ಷ ಗಣಿಯ ಬಾಯಲ್ಲಿ
ಫ್ಯಾನಿನ ಮನೆ ಕಾದವನು ಇವನು;
ಕಲ್ಲಿದ್ದಲಿಗೆ ಇಳಿದವನಲ್ಲ, ಇಳಿದವರಿಗೆ
ಉಸಿರು ಕಳಿಸಿದವನು.
ಕೊಳವೆಯನ್ನು ಕೋಣೆ ಸುತ್ತಿಸಿ
ಬಾಲವನ್ನು ಬಾಯಿಗೇ ತಂದು ಸೇರಿಸಿದ.
"ಹೀಗೆ ಮಾಡಿದರೆ ಕೊನೇ ತೊಟ್ಟಿಗೂ
ಮೊದಲಿನಷ್ಟೇ ಬರುತ್ತೆ."
ಸ್ವಲ್ಪ ಹೊತ್ತು ಕೈ ಒರೆಸಿಕೊಂಡ.
"ಕೊನೇ ತುದಿ ಅಂತ ಇರಬಾರದು."
ನಾನು ಯಾರ ಹೆಸರನ್ನೂ ಕೇಳಲಿಲ್ಲ.

ಜೋಡಿ ಬಂದದ್ದು ತ್ಯೆಶೀನಿನಿಂದ, ನನ್ನ ತೊಡೆಯ ಮೇಲೆ,
ಚೀಲದಲ್ಲಿ, ಉಣ್ಣೆಯ ಶಾಲು ಹೊದ್ದು.
ಊಟದ ತಟ್ಟೆಯ ಅಗಲ, ಸಿಡುಕಿನ ಕೆಂಪು ಕಣ್ಣು.
ಮಣ್ಣಿನ ಶಂಕುವಿನ ಮೈಗೆ ಸಾಲಾಗಿ ಮೊಟ್ಟೆ ಅಂಟಿಸಿದವು,
ರಾತ್ರಿಯೇ ತಿಂದು ಮುಗಿಸಿದವು.
ಎರಡನೇ ಸಲವೂ. ಮೂರನೇ ಸಲವೂ.
"ಎಳೆಯವು, ಕಲಿಯುತ್ತವೆ" ಎಂದ ಲುಬೋರ್,
ಸಣ್ಣದೊಂದು ದೀಪ ಉರಿಯಲು ಬಿಟ್ಟ.
ನನ್ನ ಅಡುಗೆಮನೆಯಿಂದ
ಸ್ಲಿವೊವಿತ್ಸೆಯ ಖಾಲಿ ಬಾಟಲಿಗಳು ಹೋಗಿ
ತಲೆಕೆಳಗಾಗಿ ನಿಂತವು, ಬುಡ ಕತ್ತರಿಸಿಕೊಂಡು;
ಉಪ್ಪುನೀರಿನಲ್ಲಿ ದಾಲ್ಚಿನ್ನಿಪುಡಿಯಂಥ ಸಿಗಡಿ ಮೊಟ್ಟೆ,
ಇನ್ನೂ ಹುಟ್ಟದ ಮರಿಗಳ ನಾಳಿನ ಊಟ.

ಆಮೇಲೆ ಅವನು ಮಂಡಿಯ ಆಪರೇಶನ್ನಿಗೆ ಹೋದ.
ಎರಡನೇ ರಾತ್ರಿ ಕರೆಂಟು ಹೋಯಿತು.

ನಿದ್ದೆಯಿಂದ ನನ್ನನ್ನು ಎಬ್ಬಿಸಿದ್ದು ಸದ್ದಲ್ಲ,
ಗುಳುಗುಳು ನಿಂತದ್ದು.
ಗೋಡೆಯಲ್ಲಿ ಅವನ ಚೀಟಿ, ದೊಡ್ಡಕ್ಷರ:
ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು, ಕಾರಿನ ಹೊಗೆ ಬೀದಿಯ ಕಡೆಗಿರಲಿ.
ನೈಟಿಯ ಮೇಲೆ ಅವನ ಗಣಿಯ ಕೋಟು ತೊಟ್ಟು
ಕಾರಿನ ಹೆಪ್ಪುಗಟ್ಟಿದ ಬಾನೆಟ್ಟು ಎತ್ತಿದೆ.
ಬಾಗಿಲಡಿಯಿಂದ ತಂತಿ ನುಸುಳಿಸಿದೆ.
ಮನೆಯಿಂದ ಹೊರಗಟ್ಟಿದ್ದ ಕಾರು
ಒಂದೇ ಸಲಕ್ಕೆ ಶುರುವಾಯಿತು, ಕೋಪವಿಲ್ಲದೆ.

ಎಲ್ಲಕ್ಕೂ ಸಾಲುವಷ್ಟು ಬಲವಿಲ್ಲ ಅನ್ನಿಸಿತು.
ಕೊನೇ ತೊಟ್ಟಿಯ ತಿರುಪು ಮೊದಲು ತೆರೆದೆ.

ಟಾರ್ಚು ಬೆರಳ ಸಂದಿನಲ್ಲಿ ಮರೆಮಾಡಿ ನೋಡಿದರೆ
ಆ ಸಿಡುಕು ಮೂತಿಯ ಜೋಡಿ ಅಲುಗದೆ ನಿಂತಿವೆ;
ಎರಡರ ಮೈಗೂ ರೆಪ್ಪೆಕೂದಲಿನಷ್ಟು ಮರಿಗಳು,
ತಾಯಿಯ ಮೈಯ ಲೋಳೆ ಕಚ್ಚಿ ಕಚ್ಚಿ ಮೇಯುತ್ತ.
ಸಾಕಾಯಿತೇನೋ, ತಾಯಿ ಒಮ್ಮೆ ಮೈ ಕೊಡವಿತು:
ಇಡೀ ಗುಂಪು ಅಪ್ಪನ ಮೈಗೆ ಹಾರಿತು.
ನಕ್ಕುಬಿಟ್ಟೆ, ಒಬ್ಬಳೇ, ಆ ಕತ್ತಲಲ್ಲಿ.

ಬೆಳಿಗ್ಗೆ ಆಸ್ಪತ್ರೆಯಿಂದ ಫೋನು.
"ಎಷ್ಟಿವೆ?"
"ನಾನೇನು ಎಣಿಸುತ್ತ ಕೂರಲಾ" ಎಂದೆ.
ಎಪ್ಪತ್ತಮೂರು.
ಒಂದು ಸ್ವಲ್ಪ ಓರೆಯಾಗಿ ಈಜುತ್ತೆ.